ಸರಸಮ್ಮನನ್ನು ಹೊರಗೆ ನಿಲ್ಲಿಸಿದ ಆ್ಯಪ್

“…ಹ್ಯಾಕರ್ ಬಿಡು ಅಮ್ಮಮ್ಮ, ಇನ್ನ್ ಮೇಲೆ ನಮ್ಮನೆ ಮಾತಿನೊಳ್ಗೆ ಒಂದ್ ಇರುವೆ ನುಗ್ಗುಕೂ ಪಾಸ್‌ವರ್ಡ್ ಬೇಕ್!”

“ಇರುವೆಗೆ ಸಕ್ರಿ ಡಬ್ಬಿ ಗೊತ್ತಿದ್ರೆ ಸಾಕ್,” ಎಂದು ಪದ್ಮಾಕ್ಷಮ್ಮ ಅಂಗಳದಲ್ಲಿ ಹಲಸಿನ ಹಪ್ಪಳ ಮಗುಚಿದರು.

ಮೊಮ್ಮಗಳು ಸಿಂಚನಾ ಕುಂದಾಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಓದುವವಳು. ಕುಟುಂಬಕ್ಕೆಂದೇ ಚಾಟ್ ಆ್ಯಪ್ ಕಟ್ಟಿದ್ದಳು. ಹೋದ ವಾರ ಬೈಂದೂರಿಗೆ ಹೋಗಿ ಅಮ್ಮಮ್ಮನ ತಂಗಿ, ತನ್ನ ಸಣ್ಣಮ್ಮಮ್ಮ ಸರಸಮ್ಮನ ಫೋನಿಗೂ ಅದನ್ನು ಹಾಕಿ ಬಂದಿದ್ದಳು. ಇವತ್ತು ಕುಂಭಾಶಿಯ ಅಮ್ಮಮ್ಮನ ಮನೆಯಲ್ಲಿ ಉದ್ಘಾಟನೆ!

“ಕಾಣ್, ಸಣ್ಣಮ್ಮಮ್ಮ ಪಾಸ್‌ವರ್ಡ್ ಒತ್ತೂದ್. ಫೋನ್ ಅದನ್ನ ಬೇರೆ ಅಕ್ಷರದಾಗೆ ಕಟ್ಟಿ ಕಳ್ಸತ್ತ್. ನನ್ನ್ ಲ್ಯಾಪ್‌ಟಾಪ್ ಬಿಚ್ಚಿ ಕಾಣತ್ತ್. ಸರಿ ಇದ್ರೆ ಒಳ್ಗೆ, ಇಲ್ದಿದ್ರೆ ಹೊರ್ಗೆ!”

ಬೈಂದೂರಿನಲ್ಲಿ ಸರಸಮ್ಮ ಒತ್ತಿದರು. ಮೂರು ಸಲ ಒತ್ತಿದರು. ಮೂರು ಸಲವೂ ಅವರ ಫೋನಿನಲ್ಲಿ, ಸಿಂಚನಾ ಭಾರೀ ಗತ್ತಿನಿಂದ ಬರೆದಿಟ್ಟ ವಾಕ್ಯ ಮೂಡಿತು: ‘ನೀವು ಯಾರೆಂದು ಈ ಮನೆಗೆ ಗೊತ್ತಿಲ್ಲ. ಹೊರಗೆ ನಿಲ್ಲಿ!’

ಮರುಕ್ಷಣ ಪದ್ಮಾಕ್ಷಮ್ಮನ ಫೋನು ಹೊಡೆದುಕೊಂಡಿತು.

“ಅಕ್ಕಾ, ಐವತ್ತ್ ವರ್ಷ ನಿನ್ನ್ ಮನೆ ಬಾಗ್ಲಿಗೆ ಬಂದವ್ಳಿಗೆ ಹೊರ್ಗ್ ನಿಲ್ಲ್ ಅಂಬ್ಯಾ? ನಾಳೆ ಊಟಕ್ಕೆ ನಾ ಬತ್ತಿಲ್ಲೆ!”

“ಹೆಣೇ, ಅದ್ ನಾ ಹೇಳದ್ದಲ್ಲ…”

ಫೋನ್ ಕಟ್! ಮತ್ತೆ ಎಂಟು ಸಲ ಮಾಡಿದರೂ ಎತ್ತಲಿಲ್ಲ. ದೀಪಾವಳಿಯ ನಂತರ ಅಕ್ಕತಂಗಿ ಮುಖ ನೋಡಿರಲಿಲ್ಲ. ನಾಳೆಯ ಊಟಕ್ಕೆಂದು ಪದ್ಮಾಕ್ಷಮ್ಮ ನಾಲ್ಕು ದಿನದಿಂದ ಹಪ್ಪಳ ಒಣಗಿಸುತ್ತಿದ್ದರು. ಸಿಂಚನಾಳ ಮುಖ ಹಿಂಡಿದ ಹುಣಸೆಹಣ್ಣಾಯಿತು.

“ನಾ ಈಗ್ಲೇ ಸರಿ ಮಾಡ್ತೆ ಅಮ್ಮಮ್ಮ!”

“ನೀ ಮುಟ್ಟ್‌ಬೇಡ, ಮಾರಾಯ್ತಿ. ಹಳೆ ಸೀರೆ ತುಂಡ್ ತಕಂಡ್ ಬಾ.”

ಪದ್ಮಾಕ್ಷಮ್ಮ ಹಪ್ಪಳವನ್ನು ಬಟ್ಟೆಯಲ್ಲಿಟ್ಟು ಗಂಟು ಹಾಕಿದರು. ಗಂಟಿನ ಮೇಲೊಂದು ಕೇಪಳದ ಹೂವಿನ ಗೊಂಚಲು ಇಟ್ಟು, ಇನ್ನೊಂದು ಬಟ್ಟೆ ಸುತ್ತಿ ಮತ್ತೆ ಗಂಟು ಹಾಕಿದರು. ಕೈ ಗಂಟು ಹಾಕುತ್ತಿತ್ತು, ಬಾಯಿ ಹಳೆಯ ಕಾಲಕ್ಕೆ ಹೋಗಿತ್ತು.

“ಫೋನ್ ಇಲ್ದಿದ್ದ್ ಕಾಲದಾಗೆ ನಾವ್ ಮಾತಾಡದ್ದ್ ಬಸ್ಸಿನಾಗೆ. ಎಂತ ಕಳ್ಸೂದ್ ಅಂದ್ ಸಿಕ್ದಾಗ್ಳೇ ತಂಗಿಗೆ ಹೇಳಿರೂದ್. ಕಂಡಕ್ಟರ್ ಕಿಟ್ಟನ್ ಕೈಯಾಗೆ ಗಂಟ್ ಕೊಡೂದ್. ಬೈಂದೂರಾಗೆ ಅವ ಸೀದಾ ಕೊಡೂದಲ್ಲ. ‘ಹ್ವಾಯ್, ಒಳ್ಗೆ ಎಂತ ಇತ್?’ ಅಂದ್ ಕೇಂಬುದ್! ಒಂದ್ಸಲ ತ್ರಾಸಿಯಾಗೆ ಯಾರೋ ‘ನಂದೇ ಗಂಟ್’ ಅಂದ್ರ್. ‘ಬೆಲ್ಲ’ ಅಂದ್ರ್. ಒಳ್ಗೆ ಇದ್ದದ್ದ್ ಸೌತೆಕಾಯಿ! ಕಿಟ್ಟ ಕೊಡ್ಲೇ ಇಲ್ಲೆ.”

“ಮತ್ತೆ ಕೇಪಳ?”

“ಅದಿದ್ರೆ ಅಕ್ಕನೇ ಕಳ್ಸದ್ದ್. ‘ನೀ ಬಾ’ ಅಂದ್ ಅರ್ಥ.”

ಸಿಂಚನಾ ಗಂಟನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಓದಿದ್ದನ್ನು ಈ ಇಬ್ಬರು ಸೌತೆಕಾಯಿಯಲ್ಲಿ ಮುಗಿಸಿದ್ದರಲ್ಲ!

“ಸರಿ, ಎರಡ್ ಗಂಟ್ ಎಂತಕ್ಕೆ?”

“ಒಳ್ಗಿನ್ ಗಂಟ್ ನಂದ್, ಹೊರ್ಗಿನ್ ಗಂಟ್ ದಾರಿದ್. ಎರಡ್ ಕಟ್ಟಿರೆ ಎರಡೂ ಬಿಚ್ಚ್‌ಕ್. ಒಂದೇ ಬಿಚ್ಚಿ ‘ಹಪ್ಳ ಇಲ್ಲೆ’ ಅಂದ್ರೆ ಯಾರ್ ತಪ್ಪ್?”

“ಅಯ್ಯೋ, ನಂದೇ ತಪ್ಪ್!” ಎಂದು ಕಿರುಚಿದ ಸಿಂಚನಾ ಒಳಗೆ ಓಡಿದಳು. ಆ್ಯಪ್ ತಾನಾಗಿಯೇ ಪಾಸ್‌ವರ್ಡನ್ನು ಒಮ್ಮೆ ಕಟ್ಟುತ್ತಿತ್ತು. ಇವಳು ಹುರುಪಿನಲ್ಲಿ ಇನ್ನೊಮ್ಮೆ ಕಟ್ಟಿಸಿದ್ದಳು. ಲ್ಯಾಪ್‌ಟಾಪ್ ಬಿಚ್ಚುತ್ತಿದ್ದದ್ದು ಒಂದೇ ಗಂಟು! ಒಂದು ಸಾಲು ಅಳಿಸಿದಳು, ಆ್ಯಪ್ ಸರಿಯಾಯಿತು. ಆದರೆ ಸಣ್ಣಮ್ಮಮ್ಮನ ಸಿಟ್ಟನ್ನು ಅಳಿಸಲು ಸಾಲೇ ಇರಲಿಲ್ಲ. ಅದಕ್ಕೆ ಹಪ್ಪಳದ ಗಂಟೇ ಬೇಕಿತ್ತು; ಅದು ಹನ್ನೊಂದರ ಬಸ್ಸು ಹತ್ತಿತು. ಹೆಮ್ಮಾಡಿ ದಾಟಿತು, ತ್ರಾಸಿ ದಾಟಿತು, ಸಂಜೆಯವರೆಗೆ ಪದ್ಮಾಕ್ಷಮ್ಮ ಫೋನಿನ ಪಕ್ಕದಿಂದ ಏಳಲಿಲ್ಲ. ಅದು ಒಮ್ಮೆಯೂ ಹೊಡೆದುಕೊಳ್ಳಲಿಲ್ಲ.

ಮರುದಿನ ಊಟದ ಹೊತ್ತಿಗೆ ಬಾಗಿಲಲ್ಲಿ ಸರಸಮ್ಮ! ಕೈಯಲ್ಲೊಂದು ಗಂಟು, ಮುಡಿಯಲ್ಲಿ ಬಾಡಿದ ಕೇಪಳ. ಅಕ್ಕತಂಗಿ ಒಬ್ಬರ ಕೈ ಒಬ್ಬರು ಹಿಡಿದು ನಿಂತರು. ಸಿಂಚನಾ ಕುಣಿಯುತ್ತ ಅಂಗಳದಿಂದ ಬಂದಳು.

ಸರಸಮ್ಮ ಬಾಗಿಲಿಗೆ ಕೈ ಅಡ್ಡ ಇಟ್ಟರು. “ನೀ ಯಾರ್?”

“ಸಣ್ಣಮ್ಮಮ್ಮ! ನಾ ಸಿಂಚು!”

“ಹಾಂಗಾರೆ ಈ ಗಂಟಿನಾಗೆ ಎಂತ ಇತ್ ಹೇಳ್.”

“ಬೆಲ್ಲ? ಕೊಟ್ಟೆ ಕಡುಬ್? ಒಣ ಮೆಣಸ್?”

“ಮೂರೂ ತಪ್ಪ್. ಹೊರ್ಗ್ ನಿಲ್ಲ್!”

ಕಡೆಗೆ ಅಮ್ಮಮ್ಮ ಗಂಟು ಬಿಚ್ಚಿ ಸೌತೆಕಾಯಿ ತೋರಿಸಿ ಜಾಮೀನು ಕೊಟ್ಟ ಮೇಲೆಯೇ ಸಿಂಚನಾಳಿಗೆ ಎಲೆಯ ಮುಂದೆ ಜಾಗ ಸಿಕ್ಕಿತು. ಹೊರಡುವಾಗ ಸರಸಮ್ಮ ಚಪ್ಪಲಿ ಮೆಟ್ಟುತ್ತ ಹೇಳಿದರು: “ಬಪ್ಪ ಆಯ್ತಾರ ಇಬ್ರೂ ಬೈಂದೂರಿಗೆ ಬನಿ, ಅಕ್ಕ. ಈ ಹೆಣ್ಣಿನ್ ಕೈಯಾಗೆ ಒಂದ್ ಗಂಟ್ ಕಟ್ಟ್ಸಿ ತಕಂಡ್ ಬಾ. ನಂಗೆ ಬಿಚ್ಚುಕ್ ಬಂದ್ರೆ ಒಳ್ಗೆ ಬಿಡ್ತೆ.”

ಅಂದಿನಿಂದ ಸಿಂಚನಾ ಲ್ಯಾಪ್‌ಟಾಪ್ ಮುಚ್ಚಿಟ್ಟು ಹಳೆ ಸೀರೆ ತುಂಡಿನಲ್ಲಿ ಗಂಟು ಹಾಕುವುದನ್ನು ಕಲಿಯುತ್ತಿದ್ದಾಳೆ. ಭಾನುವಾರಕ್ಕೆ ಇನ್ನು ಐದೇ ದಿನ!