ಗವಿಯ ಗೃಹಪ್ರವೇಶ

ಗಂಡ ಮನೆಗೆ ಏನಾದರೂ ಕೊಂಡು ತಂದನೆಂದರೆ ಹೆಂಡತಿಯಾದವಳು ಮೊದಲು ಒಮ್ಮೆ ಬೆಚ್ಚಿಬೀಳಬೇಕು, ಆಮೇಲೆ ಚೀಲ ಬಿಚ್ಚಬೇಕು ಎಂಬುದು ನನ್ನ ಅನುಭವದ ಮಾತು. ನಮ್ಮವರು ಬದನೆಕಾಯಿ ತರಲು ಹೋಗಿ ಮೀನಿನ ಗಾಳ ತಂದಿದ್ದಾರೆ. ನಮ್ಮ ಮನೆಯಲ್ಲಿ ಮೀನು ತಿನ್ನುವವರು ಯಾರೂ ಇಲ್ಲ. ಅಡುಗೆಮನೆಯ ಬಾಗಿಲಲ್ಲಿ ತೂರದಂಥ ಫ್ರಿಜ್ ತಂದಿದ್ದಾರೆ. ಅದು ಈಗಲೂ ಹಾಲ್‌ನಲ್ಲಿ ಟೀವಿಯ ಪಕ್ಕ ಹಿರಿಯರ ಹಾಗೆ ನಿಂತುಕೊಂಡಿದೆ. ಹೀಗೆ ಬೆಚ್ಚಿಬಿದ್ದೂ ಬಿದ್ದೂ ನನ್ನ ಎದೆ ಗಟ್ಟಿಯಾಗಿದೆ ಎಂದುಕೊಂಡಿದ್ದೆ. ಆದರೆ ಹೋದ ಚಳಿಗಾಲದಲ್ಲಿ, ಆಫೀಸಿನ ಗೆಳೆಯರ ಜೊತೆ ಗುಡ್ಡ ನೋಡಲು ಹೋಗಿದ್ದ ಮನುಷ್ಯ ಸಂಜೆ ಮನೆಗೆ ಬಂದು ಬೂಟು ಬಿಚ್ಚುತ್ತಾ, "ಏ, ಒಂದು ಮನಿ ತಗೊಂಡ ಬಂದೀನಿ ನೋಡು" ಎಂದಾಗ ನನ್ನ ಕೈಯಲ್ಲಿದ್ದ ಲಟ್ಟಣಿಗೆ ಜಾರಿತು.

"ಎಂಥಾ ಮನಿರಿ?"

"ಗವಿ."

"ಏನಂದ್ರಿ?"

"ಗವಿಲೇ, ಗವಿ. ಕಲ್ಲಿನ ಗವಿ. ಗುಡ್ಡದಾಗ. ಎಸಿ ಬ್ಯಾಡ, ಏನ್ ಬ್ಯಾಡ, ಒಳಗ ತಣ್ಣಗ ಐತಿ."

ಗದಗಿನ ಕಡೆಯ ಈ ಮನುಷ್ಯ ಮಸ್ಕತ್ತಿಗೆ ಬಂದು, ಖುರುಮ್‌ನ ಆಫೀಸಿನಲ್ಲಿ ಟೈ ಕಟ್ಟಿಕೊಂಡು ಕೂತು, ಕೊನೆಗೆ ಆದಿಮಾನವನಾಗಲು ಹೊರಟಿದ್ದಾನಲ್ಲ ಎಂದು ನನಗೆ ಅಳುವೇ ಬಂತು. ಮಗಳು ಮೊಬೈಲಿನಿಂದ ಕತ್ತೆತ್ತದೆ, "ಡಸ್ ಇಟ್ ಹ್ಯಾವ್ ವೈಫೈ?" ಎಂದಳು. ಗದಗಿಗೆ ಫೋನು ಹಚ್ಚಿದರೆ ನಮ್ಮವ್ವ, "ಗವ್ಯಾಗ ಕುಂದ್ರಾಕ ಅವ ಏನ್ ಸನ್ಯಾಸಿ ಆಗ್ಯಾನೇನವಾ? ಮನ್ಯಾಗ ಏನರ ಜಗಳಾಡಿದ್ರೇನು?" ಎಂದು ನನ್ನನ್ನೇ ಬೈದಳು.

ಆಗಿದ್ದು ಇಷ್ಟು. ಗುಡ್ಡದ ಮೇಲಿನ ಹಳ್ಳಿಯಲ್ಲಿ ಸಾಲಿಂ ಎಂಬ ಅಜ್ಜ ಇವರನ್ನೆಲ್ಲ ಕರೆದು ಖರ್ಜೂರ, ಕಾಫಿ ಕೊಟ್ಟು, ತಾನು ಹುಟ್ಟಿದ ಗವಿಯ ಮನೆಯನ್ನು ತೋರಿಸಿದ್ದಾನೆ. ಈಗ ಅವನಿರುವುದು ಕೆಳಗೆ ಕಟ್ಟಿದ ಸಿಮೆಂಟಿನ ಮನೆಯಲ್ಲಿ. ನಮ್ಮವರು ಹೊಗಳಲು ಶುರುಮಾಡಿದರೆ ನಿಲ್ಲಿಸುವ ಗಂಡಸಲ್ಲ. ಅಜ್ಜ ಎದೆಯ ಮೇಲೆ ಕೈಯಿಟ್ಟು, ತನಗೆ ಬರುವ ಅಷ್ಟಿಷ್ಟು ಹಿಂದಿಯಲ್ಲಿ, "ಇದು ನಿಮ್ಮದೇ" ಎಂದನಂತೆ. ಬೆಲೆಯ ಮಾತೆತ್ತಿದರೆ, "ನಮ್ಮ ನಿಮ್ಮ ನಡುವೆ ಅದೆಲ್ಲ ಯಾಕೆ?" ಎಂದು ನಕ್ಕನಂತೆ. ನಮ್ಮವರು ಕಾರಿನಲ್ಲಿದ್ದ ಧಾರವಾಡ ಪೇಢೆಯ ಡಬ್ಬಿಯನ್ನು ತಂದು ಅವನ ಕೈಗಿಟ್ಟರು. ನಮ್ಮ ಕಡೆ ಸಿಹಿ ಕೈ ಬದಲಾಯಿತೆಂದರೆ ಮುಗಿಯಿತು, ಮದುವೆಯಾಗಲಿ ಮನೆಯಾಗಲಿ, ಮಾತು ಪಕ್ಕಾ.

ಈಗ ನಿಜ ಹೇಳುತ್ತೇನೆ. ಬೈದು ಬೈದು ಸುಸ್ತಾದ ಮೇಲೆ ನನಗೇ ಒಳಗೊಳಗೆ ಆಸೆ ಹುಟ್ಟಿತು. ಅಲ್ ಗುಬ್ರಾದ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಅದು ಮಾಲೀಕರ ಕಟ್ಟಪ್ಪಣೆ. ಅತ್ತೆ-ಮಾವನ ದೊಡ್ಡ ಚೌಕಟ್ಟಿನ ಫೋಟೋ ಊರಿಂದ ವಿಮಾನ ಹತ್ತಿ ಬಂದದ್ದು, ಮನೆಗೆ ಬಂದ ದಿನದಿಂದ ಮಂಚದ ಕೆಳಗೇ ಮಲಗಿದೆ. ಕಸ ಗುಡಿಸುವಾಗೆಲ್ಲ ಅತ್ತೆ ಅಲ್ಲಿಂದಲೇ ನನ್ನನ್ನು ನೋಡುತ್ತಾರೆ. ನಮ್ಮದೇ ಅನ್ನುವ ಒಂದು ಗೋಡೆ, ಅದಕ್ಕೊಂದು ಮೊಳೆ, ಇಷ್ಟೇ ನನಗೆ ಬೇಕಾಗಿದ್ದದ್ದು. ಗವಿಯಾದರೇನು, ಗೋಡೆಯಂತೂ ಇರುತ್ತದಲ್ಲ!

ಹಾಗಾಗಿ ಮುಂದಿನ ಶುಕ್ರವಾರ ಗೃಹಪ್ರವೇಶಕ್ಕೆ ಹೊರಟೆವು. ಸ್ಟೋವು, ಹಾಲು, ಮಾವಿನ ಎಲೆ, ಮಂಚದ ಕೆಳಗಿನ ಅತ್ತೆ-ಮಾವ, ಎಲ್ಲ ಕಾರಿಗೇರಿದವು. ಪಕ್ಕದ ಫ್ಲ್ಯಾಟಿನ ಜಮೀಲಾ ಕೂಡ ಬಂದಳು. ಉಪ್ಪಿನಂಗಡಿಯವಳು, ಗಂಡನಿಗೆ ಅಲ್ ಅಮೇರಾತ್‌ನಲ್ಲಿ ಅಂಗಡಿ, ಅರಬ್ಬಿ ನೀರು ಕುಡಿದಂತೆ ಮಾತಾಡುತ್ತಾಳೆ. "ಗುಹೆಯ ಮನೆ ಒಕ್ಕಲು ನಾನು ಈವರೆಗೆ ನೋಡ್ಲಿಲ್ಲ ಮಾರಾಯ್ರೆ, ಬಿಡ್ಲಿಕ್ಕುಂಟಾ?" ಎಂದು ಬಿರಿಯಾನಿಯ ಪಾತ್ರೆ ಮಡಿಲಲ್ಲಿಟ್ಟುಕೊಂಡು ಕೂತಳು.

ಗವಿಯನ್ನು ನೋಡಿ ನಾನು ಮತ್ತೆ ದಂಗಾದೆ, ಆದರೆ ಈ ಸಲ ಬೇರೆ ಥರ. ದೊಡ್ಡ ಬಂಡೆಯ ಚಾಚಿನ ಕೆಳಗೆ ಕಲ್ಲು ಮಣ್ಣಿನ ಗೋಡೆ, ತಗ್ಗಿ ಒಳಹೋಗಬೇಕಾದ ಮರದ ಬಾಗಿಲು, ಒಳಗೆ ಮಡಕೆಯ ನೀರಿನಂಥ ತಂಪು. ಹೊರಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ದಾಳಿಂಬೆ ತೋಟ. ನಮ್ಮವರು ಮೊಬೈಲಿನಲ್ಲಿ ದಿಕ್ಕು ನೋಡಿ, "ಬಾಗಿಲಾ ಪೂರ್ವಕ್ಕೈತಿ, ವಾಸ್ತು ಬರೋಬ್ಬರಿ!" ಎಂದು ಕೂಗಿದರು. ಮೂಲೆಯಲ್ಲಿ ಮೇಕೆಯೊಂದು ಮೇವು ತಿನ್ನುತ್ತಿತ್ತು. ಅದು ಆಗ್ನೇಯ, ಅಡುಗೆಮನೆಯ ಜಾಗ. ಮೇಕೆಯನ್ನು ಆಮೇಲೆ ಎಬ್ಬಿಸಿದರಾಯಿತು ಎಂದುಕೊಂಡು ನಾನು ತೋರಣ ಕಟ್ಟಿ, ರಂಗೋಲಿ ಹಾಕಿ, ಹಾಲಿಟ್ಟೆ.

ಹಾಲು ಇನ್ನೇನು ಉಕ್ಕಬೇಕು, ಕೆಳಗಿನ ಮನೆಯಿಂದ ಸಾಲಿಂ ಅಜ್ಜ ಬಂದ. ಉಕ್ಕುವ ಹಾಲನ್ನು ನೋಡಿದ್ದೇ ತಡ, ಅಯ್ಯೋ ಪಾಪ ಎಂದು ಓಡಿಬಂದು ಉರಿ ಸಣ್ಣ ಮಾಡಿದ. ನಮ್ಮವರು ನಗುತ್ತಾ ದೊಡ್ಡದು ಮಾಡಿದರು. ಅಜ್ಜ ಇನ್ನೂ ಹೆಚ್ಚು ನಗುತ್ತಾ ಮತ್ತೆ ಸಣ್ಣ ಮಾಡಿದ. ಇವರು ದೊಡ್ಡದು, ಅವನು ಸಣ್ಣದು. ಬಂದ ಅತಿಥಿಗಳಿಗೆ ಹಾಲು ಕಾಯಿಸಲೂ ಬರುವುದಿಲ್ಲವಲ್ಲ ಎಂಬ ಮರುಕ ಅವನ ಮುಖದ ತುಂಬಾ. ಕೊನೆಗೆ, "ಖಲಾಸ್, ಖಲಾಸ್!" ಎಂದು ಪಾತ್ರೆಯನ್ನೇ ಇಳಿಸಿ, ಜೇಬಿನಿಂದ ಚಹಾಪುಡಿಯ ಪೊಟ್ಟಣ ತೆಗೆದು ಸುರಿದುಬಿಟ್ಟ. ನನ್ನ ಗೃಹಪ್ರವೇಶ ಕಣ್ಣೆದುರೇ ಚಹಾ ಆಯಿತು.

"ಜಮೀಲಾ, ಅಜ್ಜಗ ಹೇಳ್ರಿ, ಮನಿ ನಮ್ಮದಾತು ಅಂತ ಹಾಲು ಉಕ್ಕಸಾಕತ್ತೀವಿ ಅಂತ" ಎಂದೆ.

ಅವಳು ಹೇಳಿದಳು. ಅಜ್ಜನ ಕೈಯಲ್ಲಿದ್ದ ಸೌಟು ನಿಂತಿತು. ಅವನು ಮೆಲ್ಲಗೆ ಏನೋ ಹೇಳಿದ. ಜಮೀಲಾ ಹಣೆ ಚಚ್ಚಿಕೊಂಡಳು. "ಮಾರುದಾ? ಅವರ ಉಮ್ಮ ಅವರನ್ನು ಹೆತ್ತ ಜಾಗ ಅಂತೆ ಇದು! ನೀವು ಹೊಗಳಿದ್ದಕ್ಕೆ 'ನಿಮ್ಮದೇ' ಅಂತ ಹೇಳಿದ್ದು ಮರ್ಯಾದೆಗೆ. ಇಲ್ಲಿ ಎಲ್ಲರೂ ಹಾಗೆಯೇ ಹೇಳುದಲ್ವಾ? ವಾಚು ಚೆಂದ ಉಂಟು ಅಂದ್ರೆ ಅದೂ ನಿಮ್ಮದೇ. ಮತ್ತೆ ನಮ್ಮಂಥ ಹೊರಗಿನವರಿಗೆ ಗುಡ್ಡದಲ್ಲಿ ಜಾಗ ತಗೊಳ್ಳಿಕ್ಕೆ ಆಗುದೂ ಇಲ್ಲ. ಇಷ್ಟು ವರ್ಷ ಇಲ್ಲಿ ಇದ್ದು ಇದು ಗೊತ್ತಿಲ್ವಾ ಸಾರ್ ನಿಮಗೆ?"

ಸಾರ್ ಮೇಕೆಯ ಪಕ್ಕ ಹೋಗಿ ಕೂತರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬೇಡ ಬೇಡ ಎಂದು ಬಾಯಿ ಬಡಿದುಕೊಂಡವಳು ನಾನೇ, ಈಗ ಮನೆ ಕಳೆದುಕೊಂಡವಳ ಹಾಗೆ ಫೋಟೋ ತಬ್ಬಿಕೊಂಡು ನಿಂತವಳೂ ನಾನೇ. ಅಜ್ಜ ಅದೇನೆಂದು ಕೇಳಿದ. ಜಮೀಲಾ ಮೊಳೆಯ ಕತೆಯನ್ನೆಲ್ಲ ಹೇಳಿದಳು. ಅವನು ಫೋಟೋ ತೆಗೆದುಕೊಂಡು, ತನ್ನ ತಾಯಿ ಖರ್ಜೂರದ ಬುಟ್ಟಿ ತೂಗುಹಾಕುತ್ತಿದ್ದ ಗೂಟಕ್ಕೆ ನೇತುಹಾಕಿ, ಓರೆಯಾಗಿದ್ದನ್ನು ನೇರ ಮಾಡಿದ. ಬದುಕಿಡೀ ಗದಗ ಬಿಟ್ಟು ಕದಲದ ಅತ್ತೆ ಒಮಾನಿನ ಗವಿಯಲ್ಲಿ ದಾಳಿಂಬೆ ತೋಟ ನೋಡುತ್ತಾ ನಿಂತರು. ನಾನು ಕಣ್ಣೊರೆಸಿಕೊಂಡು, "ಅಲ್ ಗುಬ್ರಾದಾಗಿನ ನಮ್ಮ ಮನಿನೂ ನಿಮ್ಮದ ಅಂತ ತಿಳೀರಿ, ಎಲ್ಲಾರೂ ಬರ್ರಿ" ಎಂದು ಜಮೀಲಾಳಿಂದ ಹೇಳಿಸಿದೆ.

ನಮ್ಮ ಕಡೆ ಹಾಗೆ ಎಲ್ಲರಿಗೂ ಹೇಳುತ್ತೇವೆ. ಯಾರೂ ಬರುವುದಿಲ್ಲ.

ಮುಂದಿನ ಶುಕ್ರವಾರ ಬೆಲ್ಲಾಯಿತು. ಸಾಲಿಂ ಅಜ್ಜ, ಅವನ ಹೆಂಡತಿ, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಹಾಲ್ ತುಂಬಿ ಇಬ್ಬರು ಫ್ರಿಜ್ಜಿಗೆ ಒರಗಿ ನಿಂತರು. ನಿಮ್ಮ ಅತ್ತೆ-ಮಾವ ಆರಾಮವಾಗಿದ್ದಾರೆ ಎಂದು ಅಜ್ಜ ತನ್ನ ಹರಕು ಹಿಂದಿಯಲ್ಲಿ ವರದಿ ಒಪ್ಪಿಸಿದ. ಆಮೇಲೆ ನಮ್ಮ ಬೋಳು ಗೋಡೆಗಳನ್ನು ಒಂದೊಂದಾಗಿ ನೋಡಿ, ಈ ಮನೆಗೆ ನಿನ್ನೆ ಮೊನ್ನೆ ಬಂದಿರೇನು ಎಂದು ಕೇಳಿದ. ವರ್ಷಗಳೇ ಆದವು ಎಂದು ನಮ್ಮವರು ತಲೆ ತಗ್ಗಿಸಿದರು. ಅಜ್ಜನಿಗೆ ಪಾಪ ಎನ್ನಿಸಿರಬೇಕು. "ಬಹಳ ಚೆಂದದ ಮನೆ" ಎಂದ.

ನಮ್ಮವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮರ್ಯಾದೆಯ ಪ್ರಶ್ನೆ. ನಾನೇ ಎದೆಯ ಮೇಲೆ ಕೈಯಿಟ್ಟು ಹಿಂದಿಯಲ್ಲಿ, "ಇದು ನಿಮ್ಮದೇ" ಎಂದೆ. "ಬಾಡಿಗಿ ಅಷ್ಟ ನಮ್ಮದು" ಎಂದು ನಮ್ಮವರು ಕನ್ನಡದಲ್ಲಿ ಗೊಣಗಿದರು.

ಅಜ್ಜನ ಹೆಂಡತಿ ಎದ್ದು ಬಂದು, ಬುರ್ಖಾದ ಮರೆಯ ಚೀಲದಿಂದ ಒಂದು ದೊಡ್ಡ ಹಲ್ವಾದ ಡಬ್ಬಿ ತೆಗೆದು, ನಗುತ್ತಾ ನನ್ನ ಮುಂದೆ ಹಿಡಿದಳು. ಮರ್ಯಾದೆಗೆ ಆಡಿದ ಮಾತನ್ನು ನಿಜವೆಂದು ನಂಬುವ ಗಂಡನನ್ನು ವಾರವಿಡೀ ಆಡಿಕೊಂಡು ನಕ್ಕವಳು ನಾನು. ಆದರೂ ಆ ಸಿಹಿಯ ಡಬ್ಬಿ ತೆಗೆದುಕೊಳ್ಳಲು ನನಗೆ ಕೈಯೇ ಮುಂದೆ ಬರಲಿಲ್ಲ.