ನಾಗಭೂಷಣನ ನವಿಲು ಸೀರೆಯನ್ನು ನೋಡಿದವರು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಯೋಗ್ಯತೆ ಬೇಕು. ಪಕ್ಕದ ಮನೆಯವರು ಮೇಲೊಂದು ಮಹಡಿ ಕಟ್ಟಿದರು, ಓರಗಿತ್ತಿಗೆ ಕಾಸಿನ ಸರ ಬಂತು ಎಂದು ಉರಿದುಕೊಂಡರೆ ಕೇಳಿದವರೂ ಪಾಪ ಅನ್ನುತ್ತಾರೆ. ನನ್ನದು ಅಂಥ ಮರ್ಯಾದಸ್ಥರ ಹೊಟ್ಟೆಕಿಚ್ಚಲ್ಲ. ಒಂದು ಫೋಟೋದ ಕೆಳಗಿದ್ದ ಪುಟ್ಟ ಅಂಕಿಯನ್ನು ನೋಡಿ ನಾನು ಎರಡು ವರ್ಷ ಉರಿದೆ. ಹೆಂಡತಿ ಸರೋಜಾಗೆ ಇದನ್ನು ಹೇಳಿಕೊಂಡಾಗ ಹುರುಳಿಕಾಳು ಆರಿಸುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ.

ಹಿಂದೂಪುರದಲ್ಲಿ ನಾನು ಸೀರೆಗೆ ಡಿಸೈನ್ ಬರೆಯುವವನು. ಮೊದಲು ಚೌಕಳಿ ಹಾಳೆಯ ಮೇಲೆ ಬರೆಯುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ. ನಮ್ಮ ಸೀಮೆಯ ನೇಕಾರರು ತಾವು ನೇಯ್ದ ಸೀರೆಗಳ ಫೋಟೋ ಹಾಕಿ ಮಾತಾಡಿಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಒಂದು ಫೋರಮ್ ಶುರುಮಾಡಿದೆ. ಶುರುಮಾಡಿದವನು ನಾನು ಎಂಬುದನ್ನು ನೀವಾದರೂ ನೆನಪಿಡಿ, ಫೋರಮ್ಮಿನಲ್ಲಿ ಯಾರೂ ನೆನಪಿಟ್ಟಿಲ್ಲ. ಸರ್ವರ್ ನೋಡಿಕೊಳ್ಳಲು ಇನ್ನೊಬ್ಬರಿರಲಿ ಎಂದು ಕಲ್ಯಾಣದುರ್ಗದ ನಾಗಭೂಷಣನನ್ನು ಸೇರಿಸಿಕೊಂಡೆ. ಅವನಿಗೆ ಮಗ್ಗವೂ ಗೊತ್ತು, ಕಂಪ್ಯೂಟರೂ ಗೊತ್ತು. ಬಂದ ತಿಂಗಳಲ್ಲೇ, ನಾನು ಒಂದೇ ಫೋಲ್ಡರಿಗೆ ತುರುಕಿದ್ದ ಸಾವಿರಾರು ಫೋಟೋಗಳನ್ನು ತಿಂಗಳಿಗೊಂದು ಫೋಲ್ಡರಿನಂತೆ ವಿಂಗಡಿಸಿಟ್ಟ. ಅಲ್ಲಿಯವರೆಗೆ ಒಂದು ಫೋಟೋ ಹುಡುಕಲು ಹೊರಟರೆ ಕಾಫಿ ಕುಡಿದು ಬರುವಷ್ಟು ಹೊತ್ತು ಗಿರಗಿರ ಸುತ್ತುತ್ತಿದ್ದದ್ದು ಈಗ ತಟ್ಟನೆ ತೆರೆಯಿತು. ಎಲ್ಲರೂ ಅವನನ್ನು ಹೊಗಳಿದರು. ನಾನೂ ಹೊಗಳಿದೆ, ಎಲ್ಲರಿಗಿಂತ ಕೊನೆಗೆ.

ಸಾಲದ್ದಕ್ಕೆ ಅವನು ತಾನು ನೇಯ್ದ ನವಿಲಂಚಿನ ಸೀರೆಯೊಂದರ ಫೋಟೋ ಹಾಕಿದ. ನಮ್ಮಲ್ಲಿ ಪ್ರತಿ ಫೋಟೋದ ಕೆಳಗೂ ಅದನ್ನು ಎಷ್ಟು ಸಲ ತೆರೆದಿದ್ದಾರೆ ಎಂದು ಕಾಣುತ್ತದೆ. ನವಿಲು ನೋಡನೋಡುತ್ತ ಆರುನೂರು ದಾಟಿತು. ನನ್ನ ಜೀವಮಾನದ ಡಿಸೈನು, ಮಾವಿನಕಾಯಿ ಅಂಚಿನದು, ಹತ್ತೊಂಬತ್ತಕ್ಕೆ ಬಂದು ಕೂತುಬಿಟ್ಟಿತ್ತು. ಅವನ ನವಿಲಿನ ಕತ್ತಿನಲ್ಲಿ ಏನಾದರೂ ಐಬು ಸಿಕ್ಕೀತೇ ಎಂದು ದೊಡ್ಡದು ಮಾಡಿ ನೋಡಿದೆ. ಕತ್ತು ಸರಿಯಾಗಿಯೇ ಇತ್ತು, ಅದೇ ನನ್ನ ಸಂಕಟ.

ಹೀಗಿರುವಾಗ ಸರ್ವರ್ ತುಂಬಿತು. ಇದಕ್ಕೆ ಕಾರಣ ನಮ್ಮವರ ಒಂದು ಪದ್ಧತಿ. ಹೊಸ ಸೀರೆಯ ಫೋಟೋ ಹಾಕಿದವರು ದೃಷ್ಟಿ ತಾಗಬಾರದೆಂದು ಅದರ ಬೆನ್ನಿಗೇ ಇನ್ನೊಂದು ಫೋಟೋ ಹಾಕುತ್ತಾರೆ. ಬೂದುಗುಂಬಳಕಾಯಿಯದೋ, ನಿಂಬೆಹಣ್ಣು ಮೆಣಸಿನಕಾಯಿಯದೋ, ಹಳೇ ಚಪ್ಪಲಿಯದೋ. ಒಂದು ಸೀರೆಗೆ ಹಾಕಿದ ಚಪ್ಪಲಿ ಇನ್ನೊಂದಕ್ಕೆ ನಡೆಯುವುದಿಲ್ಲ, ಪ್ರತಿ ಸಲವೂ ಹೊಸದಾಗಿ ತೆಗೆದ ಫೋಟೋವೇ ಆಗಬೇಕು. ಹೀಗೆ ಅರ್ಧ ಸರ್ವರ್ ಕುಂಬಳಕಾಯಿಗಳ ಪಾಲಾಗಿತ್ತು. ಇವನ್ನೆಲ್ಲ ಅಳಿಸೋಣ ಎಂದು ಬರೆದೆ. ಸೆಟ್ಟೂರಿನ ರತ್ನಮ್ಮ ಎಂಬ ನೇಕಾರ್ತಿ, ತನ್ನ ಕುಂಬಳಕಾಯಿ ತೆಗೆದ ಮೇಲೆ ಮಗ್ಗದಲ್ಲಿ ಎಳೆ ಕಡಿದರೆ ಹಿಂದೂಪುರದಿಂದ ಬಂದು ಗಂಟು ಹಾಕುವವರು ಯಾರು ಎಂದು ಕೇಳಿದಳು. ಆಗ ನಾಗಭೂಷಣ ನಯವಾಗಿ ಒಂದು ದಾರಿ ತೋರಿಸಿದ. ದೃಷ್ಟಿಯವು ಇರಲಿ, ಇಪ್ಪತ್ತು ಸಲವೂ ಯಾರೂ ತೆರೆಯದ ಸೀರೆಗಳ ಫೋಟೋ ತೆಗೆದುಬಿಡೋಣ ಎಂದ.

ಇಪ್ಪತ್ತು! ನನ್ನದು ಹತ್ತೊಂಬತ್ತು. ನನಗೆ ಮೈಯೆಲ್ಲ ಉರಿಯಿತು. ಇವನ ಅಂಕಿಯೇ ಸುಳ್ಳು, ಬ್ರಹ್ಮಸಮುದ್ರದಲ್ಲಿರುವ ತನ್ನ ನೆಂಟರನ್ನೆಲ್ಲ ಕೂರಿಸಿ ತೆರೆಸಿದ್ದಾನೆ, ಯಾವ ಫೋಟೋ ಯಾರು ತೆರೆದರು ಎಂಬ ಸರ್ವರಿನ ದಾಖಲೆಯನ್ನು ನನ್ನೆದುರಿಗೇ ತೆಗೆಯಲಿ, ನನ್ನ ಮಾತು ತಪ್ಪಾದರೆ ಫೋರಮ್ ಬಿಟ್ಟು ಹೋಗುತ್ತೇನೆ ಎಂದು ಎಲ್ಲರೆದುರು ಬರೆದುಬಿಟ್ಟೆ. ಅವನು, ಬನ್ನಿ ಅಣ್ಣ, ಒಟ್ಟಿಗೆ ನೋಡೋಣ, ಊಟಕ್ಕೂ ಇಲ್ಲೇ ಇರಿ ಎಂದು ಉತ್ತರ ಕೊಟ್ಟ. ನಾನು ಚಪ್ಪಲಿ ಮೆಟ್ಟುವಾಗ ಸರೋಜಾ ಬಾಗಿಲಿಗೆ ಬಂದಳು.

“ಅವ್ನು ನಿಮ್ಗೇನ್ ಮಾಡವ್ನೆ ಅಂತ ಹಿಂಗೆ ಉರ್ಕಂಡು ಹೋಯ್ತೀರಿ?”

ಬಸ್ಸಿನಲ್ಲಿ ಕೂತು, ಅವನ ಸುಳ್ಳು ಸಿಕ್ಕ ಮೇಲೆ ಫೋರಮ್ಮಿನಲ್ಲಿ ಏನು ಬರೆಯಬೇಕೆಂದು ಕಲ್ಯಾಣದುರ್ಗದವರೆಗೂ ಮನಸ್ಸಿನಲ್ಲೇ ತಿದ್ದುತ್ತ ಹೋದೆ.

ನಾಗಭೂಷಣ ಮಗ್ಗದ ಪಕ್ಕದಲ್ಲೇ ಕಂಪ್ಯೂಟರ್ ಇಟ್ಟುಕೊಂಡಿದ್ದ. ನನಗೆ ಮಜ್ಜಿಗೆ ಕೊಟ್ಟು, ನವಿಲಿನ ದಾಖಲೆ ತೆಗೆದ. ಉದ್ದನೆಯ ಪಟ್ಟಿ. ಮೊದಲ ಹೆಸರು ನನ್ನದು. ಅದರ ಕೆಳಗಿನದೂ ನನ್ನದು. ಅವನು ಕೆಳಕ್ಕೆ ಸರಿಸಿದ. ನಾನು, ನಾನು, ನಡುವೆ ರತ್ನಮ್ಮ, ಮತ್ತೆ ನಾನು. ಬೆಳಿಗ್ಗೆ ಹಲ್ಲುಜ್ಜುವ ಮುಂಚೆ, ತಿಂಡಿಯಾದ ಮೇಲೆ, ಅಂಕಿ ಏರಿತೇ ಎಂದು ನೋಡಲು ಹೋದ ಒಂದೊಂದು ಸಲವೂ ನಾನೇ ಅದನ್ನು ಏರಿಸಿದ್ದೆ. ಸಾಯುವಷ್ಟು ನಾಚಿಕೆಯಾಯಿತು. ಅವನು ನಗುತ್ತಾನೆಂದುಕೊಂಡೆ, ಆದರೆ ಅವನ ಮುಖ ನನ್ನದಕ್ಕಿಂತ ಸಪ್ಪಗಿತ್ತು.

“ಆರ್ನೂರು ಜನ ನೋಡವ್ರೆ ಅಂತ ಊರೆಲ್ಲ ಹೇಳ್ಕಂಡು ತಿರುಗ್ದೆ ಕಣಣ್ಣ. ಮಾವನ ಮನೇಲೂ ಹೇಳ್ಬುಟ್ಟಿದೀನಿ. ನೀವೊಬ್ರೇನಾ?”

“ಚೆನ್ನಾಗೈತೆ ಕಣಪ್ಪ, ಅದ್ಕೇ ನೋಡ್ದೆ,” ಅಂದೆ. ಎರಡು ವರ್ಷದಲ್ಲಿ ಅವನ ಬಗ್ಗೆ ನಾನಾಡಿದ ಮೊದಲ ನಿಜ ಅದು. ಅವನು ಸ್ವಲ್ಪ ಗೆಲುವಾಗಿ, ನಿಮ್ಮ ಮಾವಿನಕಾಯಿಯನ್ನು ಯಾರು ಯಾರು ನೋಡಿದ್ದಾರೆ ಅದನ್ನೂ ತೆಗೆಯಲೇ ಎಂದ. ಬೇಡ ಅಂದೆ. ಆ ಹತ್ತೊಂಬತ್ತೂ ಯಾರೆಂದು ನನಗೆ ಗೊತ್ತಿತ್ತು. ಮುದ್ದೆ, ಹುರುಳಿಕಟ್ಟಿನ ಸಾರು ಉಂಡು, ಇಬ್ಬರೂ ಈ ಮಾತು ಎಲ್ಲೂ ಆಡಬಾರದೆಂದು ತೀರ್ಮಾನಿಸಿದೆವು. ದಾಖಲೆ ಸರಿಯಾಗಿದೆ, ಅಣ್ಣನಿಗೆ ಸಮಾಧಾನವಾಗಿದೆ, ಅವರು ಫೋರಮ್ ಬಿಡಕೂಡದು ಎಂದು ಅವನು ಬರೆದ. ಎಂಥ ದೊಡ್ಡ ಮನಸ್ಸು ಎಂದು ಜನ ಮತ್ತೆ ಅವನನ್ನೇ ಹೊಗಳಿದರು. ಊರಿಗೆ ಬಂದು, ಇಪ್ಪತ್ತು ಮುಟ್ಟದ ನನ್ನ ಮಾವಿನಕಾಯಿಯನ್ನು ನಾನೇ ಅಳಿಸಿದೆ.

ಇನ್ನು ಆ ನವಿಲಿನ ತಂಟೆಗೆ ಹೋಗುವುದಿಲ್ಲ ಎಂದು ಆಣೆಯಿಟ್ಟು ಮೂರು ದಿನ ಕೈಕಟ್ಟಿ ಕೂತೆ. ನಾಲ್ಕನೇ ದಿನ ರತ್ನಮ್ಮ ಫೋರಮ್ಮಿನಲ್ಲಿ ಒಂದು ಪ್ರಶ್ನೆ ಹಾಕಿದಳು. ಹಿಂದೂಪುರದ ಅಣ್ಣ ಕಲ್ಯಾಣದುರ್ಗಕ್ಕೆ ಹೋಗಿಬಂದ ದಿನದಿಂದ ನವಿಲಿನ ಅಂಕಿ ಒಂದೂ ಏರಿಲ್ಲವಲ್ಲ, ಏನು ಸಮಾಚಾರ ಎಂದು. ನಾನು ಗಾಬರಿಬಿದ್ದು ತಕ್ಷಣ ನವಿಲನ್ನು ತೆರೆದೆ. ಸಾಲದೆಂದು ಸಂಜೆ ಇನ್ನೆರಡು ಸಲ ತೆರೆದೆ. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ, ಜ್ವರ ಬಂದಾಗಲೂ ತೆರೆದಿದ್ದೇನೆ. ಮೊನ್ನೆ ಅದು ಏಳುನೂರು ಮುಟ್ಟಿತು. ಎಲ್ಲರೂ ನಾಗಭೂಷಣನಿಗೆ ಅಭಿನಂದನೆ ಹೇಳಿದರು. ದುಡಿದವನು ನಾನು, ಹೆಸರು ಅವನಿಗೆ ಎಂದು ನನಗೆ ಮತ್ತೆ ಹೊಟ್ಟೆ ಉರಿಯಿತು.