ಅಣ್ಣಿಗೇರಿ ಮಾಸ್ತರರ ನಾಸಿಕಾಸಂಗ್ರಾಮ

ಸ್ವಸ್ತಿ! ಎರಡು ಸಾವಿರದ ಹದಿನೆಂಟನೆಯ ಇಸವಿ, ನವೆಂಬರ್ ಹದಿನೇಳು, ಶನಿವಾರ, ಸಾಯಂಕಾಲ ಆರು ಗಂಟೆ ಹತ್ತು ನಿಮಿಷ. ದಿನಮಣಿಯು ಪಡುವಣದಲ್ಲಿ ಕೆಂಪನ್ನಷ್ಟೇ ಉಳಿಸಿ ಮರೆಯಾದ ಆ ಪುಣ್ಯಕಾಲದಲ್ಲಿ, ಹುಬ್ಬಳ್ಳಿಯ ವಿದ್ಯಾನಗರದ ಒಂದು ಮನೆಯ ಪಡಸಾಲೆಯಲ್ಲಿ, ಸೀಮೆಸುಣ್ಣಧವಳಿತಾಂಗುಲಿಯೂ ವರ್ನಿಯರ್‌ಮಾಪನವಿಶಾರದರೂ ಹಿಂದಿನ ಬೆಂಚಿನ ಪುಂಡರಿಗೆ ಪ್ರಳಯಕಾಲರುದ್ರರೂ ಆಗಿದ್ದ ನಿವೃತ್ತ ಭೌತಶಾಸ್ತ್ರ ಅಧ್ಯಾಪಕ ವೀರಭದ್ರಪ್ಪ ಅಣ್ಣಿಗೇರಿಯವರು, ಬಲಗೈಯಲ್ಲಿ ಇಕ್ಕಳವನ್ನೂ ಎಡಗೈಯಲ್ಲಿ ಶತ್ರುವನ್ನೂ ಹಿಡಿದು ಕುಳಿತರು. ಶತ್ರುವಿನ ತೂಕ ಇಪ್ಪತ್ತೆರಡು ಗ್ರಾಂ. ಅದರ ಹೆಸರು ಚಾಳೀಸು, ಅರ್ಥಾತ್ ಓದುವ ಕನ್ನಡಕ.

ಎಲೈ ನಾಸಿಕೇ! ಮುಖಮಂಡಲಮಧ್ಯವರ್ತಿನಿಯೇ, ಶ್ವಾಸಮಾರ್ಗದ್ವಯಪಾಲಿಕೆಯೇ! ಕಣ್ಣು ಮಾಡಿದ ತಪ್ಪಿಗೆ ದಂಡ ತೆರುವವಳು ನೀನು. ನೋಡುವ ಸುಖ ಅದಕ್ಕೆ, ಹೊರುವ ಕಷ್ಟ ನಿನಗೆ. ಪಾಲುದಾರರಾಗಬೇಕಿದ್ದ ಕಿವಿಗಳು ಕೂಡ ಭಾರವನ್ನೆಲ್ಲ ನಿನ್ನತ್ತ ಜಾರಿಸಿ, ಕೂದಲಿನ ಮರೆಯಲ್ಲಿ ಅಡಗಿ ನಿಂತಿವೆ. ನಿನ್ನ ನೋವನ್ನು ಹಾಡಲು ಹೊರಟಿದ್ದೇನೆ. ನನ್ನ ಮಾತಿಗೆ ಹಿಡಿತವನ್ನು ಕೊಡು. ಆದರೆ ತೀರ ಬಿಗಿಯಬೇಡ.

ಯುದ್ಧಕ್ಕೆ ಕಾರಣ ಹಿಂದಿನ ವರ್ಷದ್ದು. ಬಡಾವಣೆಯ ಹಿರಿಯ ನಾಗರಿಕರ ಸಂಘವು ಪ್ರತಿ ನವೆಂಬರಿನಲ್ಲಿ ತನ್ನ ಸದಸ್ಯರೊಬ್ಬರನ್ನು ಸನ್ಮಾನಿಸಿ, ಅವರ ಗುಣಗಾನದ ಬಿನ್ನವತ್ತಳೆಯನ್ನು ಸಭೆಯಲ್ಲಿ ಓದಿಸುತ್ತದೆ. ಮೇಘಗಂಭೀರಕಂಠದ ಕಾರಣಕ್ಕೆ ಓದುವ ಪಟ್ಟ ಅಣ್ಣಿಗೇರಿ ಮಾಸ್ತರರದೇ. ಹೋದ ವರ್ಷ ನರಗುಂದ ವಕೀಲರ ಸನ್ಮಾನ. ಓದು ನಾಲ್ಕನೆಯ ನಿಮಿಷ ಮುಟ್ಟಿದಾಗ ಚಾಳೀಸು ಮಾಸ್ತರರ ವಿಶಾಲನಾಸಿಕವನ್ನು ಎರಡೂ ಕಡೆಯಿಂದ ಕಚ್ಚಿತು. ನೋವು ಹುಬ್ಬಿಗೆ ಏರಿತು. ಅವರು ಅದನ್ನು ತೆಗೆದು, ಮೂಗನ್ನು ತಿಕ್ಕಿಕೊಳ್ಳುತ್ತ, ಮಂಜಿನಂತಾದ ಅಕ್ಷರಗಳನ್ನು ಅಂದಾಜಿನಿಂದಲೇ ಓದಿದರು. ಹಾಳೆಯಲ್ಲಿದ್ದದ್ದು ‘ಇವರ ಧರ್ಮಪತ್ನಿ, ಕೀರ್ತಿಶಾಲಿನಿ ಬಸಲಿಂಗಮ್ಮನವರು’. ಸಭೆಗೆ ಕೇಳಿಸಿದ್ದು ‘ಕೀರ್ತಿಶೇಷೆ ಬಸಲಿಂಗಮ್ಮನವರು’.

ಎರಡು ಮೂರು ಅಕ್ಷರಗಳ ಅಂತರ; ಒಂದು ಕಡೆ ಬದುಕು, ಇನ್ನೊಂದು ಕಡೆ ಮಣ್ಣು. ಹಿಂದಿನ ಸಾಲಿನ ಸಜ್ಜನರೊಬ್ಬರು ಮೌನಾಚರಣೆಗೆಂದು ಎದ್ದರು. ಅವರನ್ನು ನೋಡಿ ಪಕ್ಕದವರೂ, ಅವರನ್ನು ನೋಡಿ ಸಭೆಯೆಲ್ಲವೂ ಎದ್ದಿತು. ಎಲ್ಲರೂ ಎದ್ದರಲ್ಲ ಎಂದು ಮುಂದಿನ ಸಾಲಿನಲ್ಲಿದ್ದ ಬಸಲಿಂಗಮ್ಮನವರೂ ಎದ್ದು ತಲೆ ಬಾಗಿಸಿ ನಿಂತರು. ಆಮೇಲೆ ಪಕ್ಕದವರನ್ನು ಕೇಳಿದರು: “ಪಾಪ, ಯಾರ್ ಹೋದ್ರ?”

ಅಂದಿನಿಂದ ವಿದ್ಯಾನಗರದಲ್ಲಿ ಮಾಸ್ತರರ ಹೆಸರು ಶೇಷಪ್ಪ. ಬೆನ್ನ ಹಿಂದೆ ಶೇಷಪ್ಪ, ವಾಕಿಂಗಿನ ತಿರುವಿನಲ್ಲಿ ಶೇಷಪ್ಪ, ಹಾಲಿನವನ ಬಾಯಲ್ಲೂ ಶೇಷಪ್ಪ. ಪದಾರ್ಥಗಳ ಗುಣಧರ್ಮಗಳನ್ನು ಬಾಳೆಲ್ಲ ಬೋಧಿಸಿದವರಿಗೆ ಕೊನೆಯಲ್ಲಿ ದಕ್ಕಿದ ಬಿರುದು ಅದು.

ಈ ವರ್ಷ ಸನ್ಮಾನಕ್ಕೆ ಆಯ್ಕೆಯಾದವರು ಸಾಕ್ಷಾತ್ ಬಸಲಿಂಗಮ್ಮನವರೇ. ಎಂಬತ್ತು ವರ್ಷ ತುಂಬಿದ, ಹೆಣ್ಣುಮಕ್ಕಳ ಶಾಲೆಯೊಂದನ್ನು ಕಣ್ಣಂಚಿನಿಂದಲೇ ಆಳಿದ ಮುಖ್ಯಾಧ್ಯಾಪಕಿ. ಓದಲು ಬೇರೆಯವರನ್ನು ಹುಡುಕೋಣವೆಂದು ಸಂಘದವರು ಪಿಸುಗುಟ್ಟಿದಾಗ ಆಕೆ ಕೈಯೆತ್ತಿ ತಡೆದರು.

“ಬ್ಯಾಡ. ಹೋದ ವರ್ಷ ನನ್ನ ಕೊಂದಾಂವ ಅವ್ನ. ಈ ವರ್ಷ ಬದುಕ್ಸಾಂವನೂ ಅವ್ನ ಆಗ್ಲಿ. ಬ್ಯಾರೇದಾವ್ರ ಕೈಲೆ ನಾ ಜೀವಾ ಪಡಕೊಳ್ಳಂಗಿಲ್ಲ.”

ಮಾಸ್ತರರ ಪ್ರತಿಸ್ಪರ್ಧಿ, ನಿವೃತ್ತ ಕನ್ನಡ ಉಪನ್ಯಾಸಕ ಹೊಂಬಳರು, ಶನಿವಾರ ಮುಂಜಾನೆಯೇ ಮನೆಗೆ ಬಂದು, ಸಕ್ಕರೆಯಲ್ಲಿ ಅದ್ದಿದ ಬಾಣವನ್ನು ಬಿಟ್ಟಿದ್ದರು.

“ಸರ, ತಪ್ಪ ತಿಳೀಬ್ಯಾಡ್ರಿ. ನಾಳೆ ಮೂಗಿಗೆ ತ್ರಾಸ ಆತಂದ್ರ ಹಾಳಿ ನನ್ನ ಕೈಯಾಗ ಕೊಟ್ಟಬಿಡ್ರಿ. ನಾ ಇನ್ನೂ ಚಾಳೀಸ ಇಲ್ದನ ಓದ್ತೇನಿ.”

ಆಗ ಅಣ್ಣಿಗೇರಿ ಮಾಸ್ತರರ ವಕ್ಷಸ್ಥಲವು ಉಬ್ಬಿತು, ಹುಬ್ಬುಗಳು ಗಂಟಾದವು, ಹೃದಯದಿಂದ ಸಿಂಹನಾದವೊಂದು ಏರಿತು: ‘ಎಲವೋ ಅಲಂಕಾರಶಾಸ್ತ್ರೋಪಜೀವಿ! ಬಲ ಎಲ್ಲಿ ಬೀಳುತ್ತದೆಂದು ಬಲ್ಲವನ ಮುಂದೆ ಬಲದ ಮಾತೇ? ಭಾರವನ್ನು ವಿಸ್ತೀರ್ಣದಿಂದ ಭಾಗಿಸಿ ಒತ್ತಡವನ್ನು ಮಣಿಸುವೆನು! ನಾಳೆಯ ಹನ್ನೊಂದು ಗಂಟೆಗೆ ಈ ಲೋಹಕೀಟವು ನನ್ನ ನಾಸಿಕದ ಮೇಲೆ ಹಂಸತೂಲಿಕೆಯಂತೆ ಮಲಗದಿದ್ದರೆ ನಾನು ಅಣ್ಣಿಗೇರಿಯವನೇ ಅಲ್ಲ!’ ಹೀಗೆ ಏರಿದ ಸಿಂಹನಾದವು ಬಾಯಿಗೆ ಬರುವ ಹೊತ್ತಿಗೆ ಇಷ್ಟಾಗಿತ್ತು:

“ನೋಡೋಣಂತ. ಚಾ ತಗೊಳ್ರಿ.”

ಇನ್ನು ಶತ್ರುವಿನ ವಂಶಾವಳಿ. ಒಂದು ಕೊಂಡರೆ ಇನ್ನೊಂದು ಉಚಿತವೆಂಬ ಹಬ್ಬದ ಕೊಡುಗೆಯಲ್ಲಿ ಮಾಸ್ತರರೂ ಅವರ ಪತ್ನಿ ನೀಲಾಂಬಿಕಾ ಅವರೂ ಎರಡು ಚಾಳೀಸುಗಳನ್ನು ತಂದಿದ್ದರು. ದಾಂಪತ್ಯದಲ್ಲಿ ಅಪರೂಪವಾದ ಹೊಂದಾಣಿಕೆಯಿಂದ ಇಬ್ಬರ ಕಣ್ಣಿನ ನಂಬರೂ ಒಂದೇ, ಆರಿಸಿದ ಕಂಚಿನ ಬಣ್ಣದ ತಂತಿಕಟ್ಟೂ ಒಂದೇ. ಎರಡೂ ಟೀವಿಯ ಪಕ್ಕದ ಹಲಗೆಯ ಮೇಲೆ ಅವಳಿಗಳಂತೆ ಮಲಗಿರುತ್ತಿದ್ದವು. ಯಾರಿಗೆ ಯಾವುದು ಸಿಕ್ಕಿತೋ ಅದು ಅವರದು. ಕಣ್ಣಿಗೆ ಇದರಿಂದ ಬಾಧೆಯಿರಲಿಲ್ಲ. ಕಣ್ಣಿಗಿಲ್ಲದ ಬಾಧೆ ಮೂಗಿಗೂ ಇರಲಾರದೆಂದು ಇಬ್ಬರೂ ನಂಬಿದ್ದರು.

ಮೂಗಿನ ಮೇಲೆ ಕೂರುವ ಆ ಎರಡು ಪುಟ್ಟ ಮೆತ್ತೆಗಳೇ ರಣಭೂಮಿ. ಮಾಸ್ತರರು ಸಂಜೆ ಪತ್ರಿಕೆ ಓದಲೆಂದು ಚಾಳೀಸು ಏರಿಸುವರು. ಅದು ಬಿಗಿಯೆನಿಸಿದರೆ ಇಕ್ಕಳದ ತುದಿಗೆ ಬಟ್ಟೆ ಸುತ್ತಿ, ಉಸಿರು ಬಿಗಿಹಿಡಿದು, ಮೆತ್ತೆಗಳನ್ನು ಕೂದಲೆಳೆಯಷ್ಟು ಹೊರಗೆ ಸರಿಸುವರು. ಆಹಾ, ಏನು ಸುಖ! ಒಂದೆರಡು ದಿನ ಚಾಳೀಸು ಶರಣಾಗತನಂತೆ ಇರುವುದು. ಮೂರನೆಯ ದಿನ ಮತ್ತೆ ಅದೇ ದಂತದಂಶನ! ಸಡಿಲಿಸಿದ್ದು ತಾನಾಗಿ ಬಿಗಿಯಾಗುವುದೆಂದರೇನು? ಮಾಸ್ತರರು ಲೋಹದ ಸ್ಥಿತಿಸ್ಥಾಪಕತೆಯನ್ನು ಶಂಕಿಸಿದರು. ಬಾಗಿಸಿದ ತಂತಿ ತನ್ನ ಹಿಂದಿನ ಆಕಾರವನ್ನು ನೆನೆದು ಹಿಂದಿರುಗುತ್ತಿದೆಯೆಂದು ಬಗೆದರು. ಆದರೆ ನೆನಪಿದ್ದರೆ ದಿನವೂ ಇರಬೇಕಲ್ಲ? ಸೋಮವಾರ ನೆನಪಿದ್ದದ್ದು ಮಂಗಳವಾರ ಮರೆಯುವುದೇ? ಆಗ ಹವಾಮಾನವನ್ನು ಶಂಕಿಸಿ, ಗೋಡೆಗೆ ಉಷ್ಣಮಾಪಕವನ್ನು ತೂಗುಹಾಕಿದರು. ಉಷ್ಣಮಾಪಕವು ಪ್ರಾಮಾಣಿಕವಾಗಿತ್ತು, ಅದಕ್ಕೂ ಏನೂ ತಿಳಿಯಲಿಲ್ಲ.

ಸರ್ವಜ್ಞಳಾದ ಕಥಾದೇವಿಯು ಮಾತ್ರ ಎಲ್ಲವನ್ನೂ ಬಲ್ಲಳು. ನೀಲಾಂಬಿಕಾ ಅವರ ನಾಸಿಕವು ಸಂಪಿಗೆಯ ಮೊಗ್ಗಿನಂತೆ ಸಣ್ಣದು. ಮುಂಜಾನೆ ಅಕ್ಕಿ ಆರಿಸಲು ಅವರು ಬಗ್ಗಿದರೆ, ಸಡಿಲವಾದ ಚಾಳೀಸು ಜಾರಿ ಮೊರಕ್ಕೆ ಬೀಳುವುದು. ಅವರು ಅದನ್ನೆತ್ತಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಮೆತ್ತೆಗಳನ್ನು ಒಮ್ಮೆ ಚಿವುಟಿ, ಏರಿಸಿಕೊಂಡು, ಮುಂದಿನ ಕಲ್ಲನ್ನು ಹುಡುಕುವರು. ಇದಕ್ಕೆ ಇಕ್ಕಳವಿಲ್ಲ, ಸಿದ್ಧಾಂತವಿಲ್ಲ. ಕುಕ್ಕರಿನ ಮುಚ್ಚಳವನ್ನು ತಿರುವಿದಂತೆ ಅದು ಬೆರಳುಗಳೇ ಮಾಡಿ ಮುಗಿಸುವ ಕೆಲಸ. ಮನಸ್ಸಿಗೆ ವರದಿಯೂ ಹೋಗುತ್ತಿರಲಿಲ್ಲ. ಹೀಗೆ ಸಂಜೆಯ ಸೇನಾನಿಯೂ ಮುಂಜಾನೆಯ ಸೇನಾನಿಯೂ ಒಂದೇ ಕೋಟೆಯನ್ನು ಗೆಲ್ಲುತ್ತ, ಕಳೆದುಕೊಳ್ಳುತ್ತ, ಒಬ್ಬರ ಮುಖವನ್ನೊಬ್ಬರು ಕಾಣದೆ, ರಾತ್ರಿ ಒಂದೇ ತಟ್ಟೆಯ ಮಿರ್ಚಿ ಭಜಿಯನ್ನು ಹಂಚಿಕೊಂಡು ತಿನ್ನುತ್ತಿದ್ದರು.

ಶುಕ್ರವಾರ ಸಂಜೆ ಮಾಸ್ತರರು ಒಂದು ಚಾಳೀಸನ್ನು ಸಡಿಲಿಸಿ ಹಲಗೆಯ ಮೇಲಿಟ್ಟಿದ್ದರು. ಶನಿವಾರ, ಈ ಕಥೆಯ ಆರಂಭದ ಆ ಗಳಿಗೆಯಲ್ಲಿ, ಕೈಗೆ ಸಿಕ್ಕದ್ದು ಅದರ ಅವಳಿ. ಅದು ಕಚ್ಚಿತು. “ಮತ್ತ!” ಎಂದು ಹಲ್ಲು ಕಡಿದು, ಅಂತಿಮಸಮರಕ್ಕೆಂದು ಇಕ್ಕಳವನ್ನು ಸೆಳೆದರು.

ಅಡುಗೆಮನೆಯಿಂದ ನೀಲಾಂಬಿಕಾ ಕೂಗಿದರು: “ಏನ್ರೀ, ಮತ್ತ ಅದನ್ನ ಹಿಡಕೊಂಡ ಕುಂತ್ರ್ಯಾ? ಅಂಗಡ್ಯಾಂವನ ಕೈಯಾಗ ಕೊಟ್ರ ಎರಡ ನಿಮಿಷದಾಗ ಮಾಡಿಕೊಡ್ತಾನ.”

“ಅಂವಗೇನ ಗೊತ್ತಾಗ್ತೈತಿ ಇದರ ಸ್ವಭಾವ? ಇದು ಬಾಳ ಹಟಮಾರಿ ಐತಿ.”

“ಯಾರಂಗರೆ ಇರಬೇಕಲ್ಲ!”

ವರ್ನಿಯರ್ ಕ್ಯಾಲಿಪರನ್ನು ತಮ್ಮ ಮೂಗಿಗೇ ಹಚ್ಚಿ, ಕನ್ನಡಿಯಲ್ಲಿ ಅಳತೆ ಓದಿ, ಅದಕ್ಕೆ ಸರಿಯಾಗಿ ಮೆತ್ತೆಗಳನ್ನು ಸರಿಸಿ, ಚಾಳೀಸನ್ನು ಧರಿಸಿ ಮಾಸ್ತರರು ಇಡೀ ಬಿನ್ನವತ್ತಳೆಯನ್ನು ಗೋಡೆಯ ಕ್ಯಾಲೆಂಡರಿಗೆ ಓದಿದರು. ಹನ್ನೆರಡು ನಿಮಿಷ, ನೋವಿಲ್ಲ, ಕಚ್ಚುವಿಕೆಯಿಲ್ಲ. ವಿಜಯಲಕ್ಷ್ಮಿಯ ಕಾಲ್ಗೆಜ್ಜೆ ಕೇಳಿಸಿದಂತಾಯಿತು. ಸೋತ ಶತ್ರುವನ್ನು ಮಡಿಸಿ, ನಾಳೆ ತೊಡಲಿದ್ದ ಕೋಟಿನ ಕಿಸೆಯಲ್ಲಿ ಸೆರೆಯಿಟ್ಟು, ನೆಮ್ಮದಿಯಿಂದ ಮಲಗಿದರು.

ಭಾನುವಾರ ಮುಂಜಾನೆ ನೀಲಾಂಬಿಕಾ ಆ ಕೋಟಿನ ಗುಂಡಿಯೊಂದು ದಾರದ ಕೊನೆಯಲ್ಲಿ ನೇತಾಡುವುದನ್ನು ಕಂಡರು. ಹೋದ ವರ್ಷ ಸಭೆ ನಕ್ಕಾಗ ತಾವೂ ಮುಖ ತಗ್ಗಿಸಿ ಕುಳಿತವರು ಅವರು. ಈ ಸಲ ಗಂಡನನ್ನು ನೋಡಿ ಯಾರೂ ನಗಬಾರದು, ಗುಂಡಿಯ ಕಾರಣಕ್ಕಂತೂ ನಗಲೇಬಾರದು. ಸೂಜಿ ತಂದರು. ಚಾಳೀಸು ಕಿಸೆಯಲ್ಲೇ ಇತ್ತು. ಏರಿಸಿಕೊಂಡರು, ಜಾರಿತು. ಚಿವುಟಿದರು. ಗುಂಡಿಯನ್ನು ಭದ್ರವಾಗಿ ಹೊಲಿದು, ಚಾಳೀಸನ್ನು ಮರಳಿ ಕಿಸೆಯಲ್ಲಿಟ್ಟರು. ತಮಗೆ ಹಲಗೆಯ ಮೇಲಿದ್ದ ಇನ್ನೊಂದನ್ನು ತೆಗೆದುಕೊಂಡು ಹೊರಟರು.

ಹನ್ನೊಂದು ಗಂಟೆ. ಸಭಾಭವನ ತುಂಬಿತ್ತು. ವೇದಿಕೆಯ ಮೇಲೆ ಶಾಲು ಹೊದ್ದ ಬಸಲಿಂಗಮ್ಮನವರು. ಮೊದಲ ಸಾಲಿನ ಒಂದು ಕೊನೆಯಲ್ಲಿ ಕೈಕಟ್ಟಿ ಕಾದಿರುವ ಹೊಂಬಳರು, ಇನ್ನೊಂದು ಕೊನೆಯಲ್ಲಿ ನೀಲಾಂಬಿಕಾ. ಅಣ್ಣಿಗೇರಿ ಮಾಸ್ತರರು ಗಜಗಮನದಿಂದ ಬಂದು, ಚಾಳೀಸನ್ನು ಕೊಡವಿ ಬಿಡಿಸಿ, ಅದರೊಳಗಿಂದ ಹಾಳೆಯೂ ಮೇಲಿಂದ ಸಭೆಯೂ ಕಾಣುವಂತೆ ಮೂಗಿನ ನಡುವಿಗೆ ಒತ್ತಿ ಕೂರಿಸಿದರು. ಅದು ಕೂತಿತು. ಕೂತಿತೆಂದರೆ, ಬಟ್ಟೆಯ ಹಗ್ಗಕ್ಕೆ ಕ್ಲಿಪ್ಪು ಕೂರುವಂತೆ ಕೂತಿತು. ಶ್ವಾಸಮಾರ್ಗದ್ವಯವೂ ಮುಚ್ಚಿತು. ಆದರೆ ಬಾಯಿ ಆಗಲೇ ತೆರೆದಿತ್ತು.

“ಬಾದ್ಯರೇ, ಬಹದೀಯರೇ!”

ಸಭೆ ಕಿವಿ ನಿಮಿರಿಸಿತು. ಅನುನಾಸಿಕಗಳೆಲ್ಲ ಗಂಟಲಲ್ಲೇ ಸೆರೆಯಾಗಿದ್ದವು. ಬಿನ್ನವತ್ತಳೆಯೋ ಮಕಾರನಕಾರಗಳ ಮಹಾರಣ್ಯ.

“ದಬ್ಬ ದಗರದ ಹೆಬ್ಬೆಯ ಬಗಳಾದ ಬಸಲಿಗ್ಗಬ್ಬದವರು…”

ಬಸಲಿಂಗಮ್ಮನವರು ಕುರ್ಚಿಯಲ್ಲಿ ನಿಧಾನವಾಗಿ ಈ ಕಡೆ ತಿರುಗಿದರು. ಮೈಕು ಅವರ ಮಾತನ್ನೂ ಹಿಡಿಯಿತು:

“ಏ ಅಣ್ಣಿಗೇರಿ, ಮೂಗ ಯಾಕ ಹಿಡಕೊಂಡೀಯಪಾ? ಹೋದ ವರ್ಷ ಸಾಯ್ಸಿದಿ. ಈ ವರ್ಷ ನಾರಾಕ್ಹತ್ತೇನೇನ?”

ಭವನವು ನಗೆಯಿಂದ ಬಿರಿಯಿತು. ಹೊಂಬಳರು ಅರ್ಧ ಎದ್ದು ನಿಂತರು. ವಿನಾಶಕಾಲದ ಆ ಕ್ಷಣದಲ್ಲಿ ಮಾಸ್ತರರು, ಕೊನೆಯ ಆಸರೆಯೆಂಬಂತೆ, ಚಾಳೀಸಿನ ಮೇಲಿಂದ ಹೆಂಡತಿಯ ಕಡೆ ನೋಡಿದರು. ನಗದೆ ಇದ್ದವರು ಅವರೊಬ್ಬರೇ. ಅವರ ಸಂಪಿಗೆಮೊಗ್ಗಿನ ತುದಿಯಲ್ಲಿ ಚಾಳೀಸು ಇನ್ನೇನು ಬೀಳುವಂತೆ ತೂಗಾಡುತ್ತಿತ್ತು. ಗಂಡನ ಮುಖವನ್ನು ನೋಡುತ್ತಲೇ ಅವರು ಅದನ್ನು ತೆಗೆದರು, ಬೆರಳುಗಳು ತಾವಾಗಿ ಮೆತ್ತೆಗಳತ್ತ ಹೋದವು, ಚಿವುಟಲು ಸಿದ್ಧವಾದವು.

ಗುರುತ್ವಾಕರ್ಷಣೆಯೂ ಇಷ್ಟು ಸರಳವಾಗಿ ಯಾರಿಗೂ ಹೊಳೆದಿರಲಾರದು. ಲೋಹಕ್ಕೆ ನೆನಪಿರಲಿಲ್ಲ. ಹವೆ ನಿರಪರಾಧಿ.

“ನೀಲಾ! ಚೂಟಬ್ಯಾಡ!” ಎಂದು ಕೂಗಬೇಕೆಂದಿದ್ದರು. “ದೀಲಾ! ಚೂಟಬ್ಯಾಡ!” ಎಂದಾಯಿತು.

ನೀಲಾಂಬಿಕಾ ಅವರ ಬೆರಳು ನಿಂತಿತು. ಮಾಸ್ತರರು ವೇದಿಕೆಯ ಮೂರು ಮೆಟ್ಟಿಲಿಳಿದು ಬಂದು, ತಮ್ಮ ಮೂಗಿನ ಮೇಲಿನದನ್ನು ಅವರಿಗೆ ಕೊಟ್ಟರು, ಅವರ ಕೈಯಲ್ಲಿದ್ದದ್ದನ್ನು ತಾವು ತೆಗೆದುಕೊಂಡರು. ಆಕೆ ಏರಿಸಿಕೊಂಡರು: ಕದಲಲಿಲ್ಲ. ಇವರು ಏರಿಸಿಕೊಂಡರು: ಕಚ್ಚಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಸ್ಪಷ್ಟವಾಗಿ ನೋಡಿದರು.

“ದಿನಾ ನೀನ ಚೂಟತಿದ್ದ್ಯಾ?”

“ದಿನಾ ನೀವ ಸಡ್ಲ ಮಾಡತಿದ್ರ್ಯಾ?”

“ಬಾಯಿಬಿಟ್ಟ ಹೇಳಬಾರದ?”

“ನೀವೆಲ್ಲೆ ಕೇಳಿದ್ರಿ? ಹೋಗ್ರಿ, ಓದ್ರಿ ಮೊದ್ಲ.”

ಮಾಸ್ತರರು ಮೇಲೇರಿ, ಮೇಘಗರ್ಜನೆಯಂಥ ಕಂಠದಿಂದ ಮೊದಲಿನಿಂದ ಓದಿದರು. ಮಕಾರಗಳು ಮಕಾರಗಳಾಗಿಯೇ, ನಕಾರಗಳು ನಕಾರಗಳಾಗಿಯೇ ಹೊರಬಂದವು. ಕೊನೆಯ ಸಾಲಿಗೆ ಬಂದು, ಅಕ್ಷರಕ್ಕೊಂದು ಉಸಿರು ಕೊಟ್ಟು, “ಕೀರ್ತಿ… ಶಾ… ಲಿ… ನಿ… ಬಸಲಿಂಗಮ್ಮನವರು” ಎಂದಾಗ ಚಪ್ಪಾಳೆ ಭವನದ ಪಾರಿವಾಳಗಳನ್ನು ಎಬ್ಬಿಸಿತು. ಹೊಂಬಳರು ಕುಳಿತು ಎಲ್ಲರಿಗಿಂತ ತಡವಾಗಿ ಚಪ್ಪಾಳೆ ತಟ್ಟಿದರು.

“ಉಳಕೊಂಡ್ನಿ ನೋಡ್ರಿ,” ಎಂದರು ಬಸಲಿಂಗಮ್ಮನವರು, ಶಾಲನ್ನು ಸರಿಪಡಿಸಿಕೊಳ್ಳುತ್ತ. “ಇನ್ನ ಊಟಕ್ಕ ಹಾಕ್ರಿ.”

ಶೇಷಪ್ಪನೆಂಬ ಬಿರುದು ಅಂದಿಗೆ ಅಳಿಯಿತು. ಮರುದಿನ ಹಾಲಿನವನು ಗೇಟಿನಲ್ಲಿ ನಿಂತು ಮೂಗು ಹಿಡಿದುಕೊಂಡು “ಬಾದ್ಯರೇ, ಹಾಲು!” ಎಂದು ಕೂಗಿದ. ಮಾಸ್ತರರಿಗೆ ಅದೇಕೋ ಅಷ್ಟೇನೂ ಬೇಸರವಾಗಲಿಲ್ಲ; ಅದರಲ್ಲಿ ಯಾರೂ ಸತ್ತಿರಲಿಲ್ಲ.

ಆ ಭಾನುವಾರ ಸಂಜೆಯೇ ನೀಲಾಂಬಿಕಾ, ಗುಂಡಿ ಹೊಲಿದು ಉಳಿದಿದ್ದ ಕರಿದಾರವನ್ನು ತಮ್ಮ ಚಾಳೀಸಿನ ಕಡ್ಡಿಗೆ ಗುರುತಿಗೆಂದು ಸುತ್ತಿ ಗಂಟು ಹಾಕಿದ್ದರು. ಉಷ್ಣಮಾಪಕವು ಗೋಡೆಯಿಂದಿಳಿದು ಪೆಟ್ಟಿಗೆ ಸೇರಿತು, ಇಕ್ಕಳವೂ ಸೇರಿತು. ವರ್ನಿಯರ್ ಕ್ಯಾಲಿಪರನ್ನು ಒಳಗಿಡುವ ಮುನ್ನ ಮಾಸ್ತರರು ಹೆಂಡತಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಅವರು “ತಣ್ಣಗ ಐತಿ, ಲಗೂ ಮಾಡ್ರಿ” ಎಂದು ನಗುತ್ತಿರುವಂತೆಯೇ, ಅವರ ಮೂಗನ್ನೂ ಅಳೆದರು. ಚಾಳೀಸು ಕೂರುವ ಜಾಗದಲ್ಲಿ ಮಾಸ್ತರರ ಮೂಗಿನ ಅಗಲ ಹದಿನೆಂಟೂವರೆ ಮಿಲಿಮೀಟರ್. ನೀಲಾಂಬಿಕಾ ಅವರದು ಹದಿನೈದು. ವ್ಯತ್ಯಾಸ ಮೂರೂವರೆ ಮಿಲಿಮೀಟರ್.